ಸೆವರಿನ್ ಇಳಿಸಿದ ಬಾವುಟ

ನಮ್ಮದು ಹಡಗೇ ಹೌದು. ಅದಕ್ಕೆ ಚುಕ್ಕಾಣಿ ಇತ್ತು, ಕೂವೆಮರ ಇತ್ತು, ಒಬ್ಬ ಕ್ಯಾಪ್ಟನ್ ಇದ್ದ, ಅಡಿಗೆಯವನಾಗಿ ನಾನಿದ್ದೆ. ಅದು ಎಲ್ಲಿಗೂ ಹೋಗುತ್ತಿರಲಿಲ್ಲ, ಅಷ್ಟೆ. ಡೆನ್ಮಾರ್ಕಿನ ನಮ್ಮ ಲೇಸೊ ದ್ವೀಪದಿಂದ ಆಚೆ, ಸ್ಟೇನ್‌ಗ್ರುಂಡ್ ಎಂಬ ಕಲ್ಲುದಿಬ್ಬದ ಪಕ್ಕದಲ್ಲಿ ದಪ್ಪ ಸರಪಳಿ ಬಿಗಿದು ನಿಲ್ಲಿಸಿದ ದೀಪದ ಹಡಗು ಅದು. ಕತ್ತಲಾದರೆ ದೀಪ ಹಚ್ಚಬೇಕು, ಮಂಜು ಕವಿದರೆ ಕಹಳೆ ಊದಬೇಕು, ಇಲ್ಲಿ ಕಲ್ಲಿದೆ ದೂರ ಹೋಗಿ ಎಂದು ದಾರಿಹೋಕರಿಗೆಲ್ಲ ಹೇಳುತ್ತಿರಬೇಕು. ಹಡಗಿನ ಮೈಯೆಲ್ಲ ಕೆಂಪು, ಎರಡೂ ಪಕ್ಕೆಗೆ ದೊಡ್ಡ ಬಿಳಿ ಶಿಲುಬೆ. ನಾವು ಒಂಬತ್ತು ಜನ. ಎರಡು ತಿಂಗಳು ನೀರಿನ ಮೇಲೆ, ಒಂದು ತಿಂಗಳು ಮನೆಯಲ್ಲಿ. ಗಾಳಿ ಕೆಟ್ಟು ಬದಲಿ ದೋಣಿ ಬಾರದಿದ್ದರೆ ಮನೆಯ ತಿಂಗಳಲ್ಲಿ ಅರ್ಧ ಅಲ್ಲೇ ಕರಗುತ್ತಿತ್ತು. ಅದಕ್ಕೆ ಯಾರನ್ನು ಬೈಯುವುದು? ನಾನಂತೂ ಬಟಾಣಿ ಸಾರಿನ ಪಾತ್ರೆಯನ್ನು ಬೈಯುತ್ತಿದ್ದೆ.

ಸೆವರಿನ್ ಹೋಮಾರ್ಕ್ ಅಲ್ಲಿಗೆ ಬಂದದ್ದು ಒಂದೇ ಒಂದು ಚಳಿಗಾಲದ ಮಟ್ಟಿಗೆ ಎಂದುಕೊಂಡು. ಅದು ಸಾವಿರದ ಎಂಟುನೂರ ತೊಂಬತ್ತನಾಲ್ಕು. ಅದಕ್ಕೆ ಮೊದಲು ಬ್ಯೂನಸ್ ಐರಿಸ್ ನೋಡಿ ಬಂದವನು, ಬ್ಯಾಂಕಾಕಿನ ನದಿಯಲ್ಲಿ ಈಜಿದವನು. ಹೆಂಡತಿ ಅಬೆಲೋನ ಬಸುರಿ ಎಂದು ತಿಳಿದಾಗ, ಹೆರಿಗೆಯ ತನಕ ಹತ್ತಿರ ಇರೋಣ ಎಂದು ದೀಪದ ಹಡಗಿಗೆ ಸೇರಿದ. ಮಗ ಹುಟ್ಟಿದ, ಐಲರ್ ಎಂದು ಹೆಸರಿಟ್ಟರು. ಮಗು ನಡೆಯುವಂತಾಗಲಿ, ಆಮೇಲೆ ಬಿಡುತ್ತೇನೆ ಎಂದ. ಮಗು ನಡೆಯಿತು, ಓಡಿತು, ಶಾಲೆಗೂ ಹೋಯಿತು. ಅಷ್ಟರಲ್ಲಿ ಸೆವರಿನ್ನನ ಅಣ್ಣಂದಿರಿಬ್ಬರು ಐಸ್‌ಲ್ಯಾಂಡಿನ ಹತ್ತಿರ ಒಂದೇ ಹಡಗಿನಲ್ಲಿ ಮುಳುಗಿದರು. ಅಲ್ಲಿಗೆ ಅವನ ಬಿಡುವ ಮಾತು ನಿಂತಿತು. ಎಲ್ಲಿಗೂ ಹೋಗದ ಹಡಗು ಮುಳುಗುವುದಿಲ್ಲವಲ್ಲ ಎನ್ನುತ್ತಿದ್ದ. ಹೇಳುವಾಗ ನಗುತ್ತಿದ್ದ, ಆದರೆ ಅದು ಹೆದರಿದವನ ನಗು. ನಾನು ಅವನ ಪಕ್ಕದ ಮನೆಯವನು, ಹನ್ನೊಂದು ವರ್ಷ ಅವನ ಎದುರಿಗೆ ಕುಳಿತು ಉಂಡವನು, ನನಗೆ ಗೊತ್ತಾಗುತ್ತಿತ್ತು.

ಕೆಲಸವಿಲ್ಲದ ಹೊತ್ತಿನಲ್ಲಿ ಹಳೆಯ ಹಗ್ಗದಿಂದ ಕಾಲೊರಸು ಹೆಣೆಯುತ್ತಿದ್ದ. ಅಬೆಲೋನಳ ಮನೆಯಲ್ಲಿ ಹದಿನಾಲ್ಕು ಕಾಲೊರಸು ಇದ್ದವು, ಬಾಗಿಲು ಮಾತ್ರ ಎರಡೇ.

ಬಾವುಟದ ಹಗ್ಗ ಅವನ ಕೈಯಲ್ಲಿರುತ್ತಿತ್ತು. ಊರಿನವರು ತಮ್ಮ ತೋಟದಲ್ಲಿ ಹಾರಿಸುವ ಚೌಕದ ಬಾವುಟವಲ್ಲ ಅದು. ತುದಿ ಸೀಳಿ ಎರಡು ನಾಲಗೆಯಾದ ಬಾವುಟ, ಅರಸನದು, ನೌಕಾಪಡೆಯದು. ನಮ್ಮದು ಸರಕಾರಿ ಹಡಗಾದ್ದರಿಂದ ನಮಗೂ ಅದೇ. ದಾರಿಯಲ್ಲಿ ಹೋಗುವ ಡೆನ್ಮಾರ್ಕಿನ ವ್ಯಾಪಾರಿ ಹಡಗು ಅದಕ್ಕೆ ನಮಸ್ಕಾರ ಮಾಡಬೇಕು. ಎಂದರೆ ತನ್ನ ಬಾವುಟವನ್ನು ಅರ್ಧಕ್ಕೆ ಇಳಿಸಿ, ಹಾಗೇ ಹಿಡಿದುಕೊಂಡು ಕಾಯಬೇಕು. ನಾವು ನಮ್ಮದನ್ನು ಇಳಿಸಿ ಏರಿಸಿದ ಮೇಲೆ ಅವರು ತಮ್ಮದನ್ನು ಏರಿಸಬೇಕು. ಮೊದಲು ಇಳಿಸುವುದು ಯಾವತ್ತೂ ಅವರು. ಅರಸನ ಬಾವುಟ ತಾನಾಗಿ ಯಾರಿಗೂ ತಲೆ ಬಾಗುವುದಿಲ್ಲ. ಈ ನಿಯಮ ಸೆವರಿನ್ನನಿಗೆ ರಕ್ತದಲ್ಲಿ ಇಳಿದಿತ್ತು. ರಜೆಯಲ್ಲಿ ಮನೆಗೆ ಬಂದಾಗಲೂ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ತೋಟದ ಕಂಬಕ್ಕೆ ಬಾವುಟ ಏರಿಸಿ, ಸೂರ್ಯ ಮುಳುಗುವ ನಿಮಿಷಕ್ಕೆ ಇಳಿಸಿ, ನೆಲಕ್ಕೆ ತಾಗದಂತೆ ಮಡಚಿಡುತ್ತಿದ್ದ. ಮಗನನ್ನು ಎತ್ತಿಕೊಳ್ಳಲು ಅವನಿಗೆ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಮಗುವೂ ಹೊಸಬರನ್ನು ಕಂಡಂತೆ ಅಳುತ್ತಿತ್ತು.

ಸಾವಿರದ ಒಂಬೈನೂರ ಹದಿನಾಲ್ಕನೇ ಇಸವಿಯ ವಸಂತದಲ್ಲಿ ನಮ್ಮ ದೀಪದವನೊಬ್ಬ ಪಿಂಚಣಿಗೆ ಹೋದ. ಸೆವರಿನ್ ಕ್ಯಾಪ್ಟನ್ ಟೋರ್ಪ್ ಅವರ ಬೆನ್ನು ಹತ್ತಿ, ಆ ಜಾಗ ಐಲರನಿಗೆ ಎಂದು ಒಪ್ಪಿಸಿದ. ಆ ತಿಂಗಳು ನಮ್ಮಿಬ್ಬರಿಗೂ ರಜೆ. ಮನೆ ಸೇರಿದ ದಿನವೇ ಅವನು ನನ್ನನ್ನೂ ಊಟಕ್ಕೆ ಕರೆದ. ಅಬೆಲೋನ ಬೆಣ್ಣೆಯಲ್ಲಿ ಚಪ್ಪಟೆ ಮೀನು ಹುರಿದಿದ್ದಳು. ಐಲರನಿಗೆ ಆಗ ಹತ್ತೊಂಬತ್ತು, ಅಪ್ಪನಿಗಿಂತ ಒಂದು ಗೇಣು ಎತ್ತರ.

"ಕೆಲಸ ಸಿಕ್ಕಿತು ನೋಡು ನಿನಗೆ" ಎಂದ ಸೆವರಿನ್. "ಸರಕಾರದ ಸಂಬಳ. ಮುಪ್ಪಿಗೆ ಪಿಂಚಣಿ ಉಂಟು."

"ಯಾವ ಹಡಗು?"

"ನಮ್ಮದೇ ಮಾರಾಯ, ಇನ್ಯಾವುದು!"

ಐಲರ್ ತಟ್ಟೆ ದೂಡಿದ. "ಅದು ಹಡಗಾ ಅಪ್ಪಾ? ಅದು ಸರಪಳಿ ಹಾಕಿದ ನಾಯಿ. ಹೋಗುವವರಿಗೆ ಬರುವವರಿಗೆ ಬೊಗಳ್ತದೆ, ಅಷ್ಟೆ."

"ಆ ನಾಯಿಯೇ ನಿನ್ನ ಹೊಟ್ಟೆ ತುಂಬಿಸಿದ್ದು."

"ಗೊತ್ತುಂಟು. ಹೊಟ್ಟೆ ತುಂಬಿತು, ಇಲ್ಲ ಅಂದವರು ಯಾರು? ಆದ್ರೆ ಅಪ್ಪ ಅಂದ್ರೆ ನನಗೆ ಆಚೆ ಕಾಣುವ ಕೆಂಪು ಚುಕ್ಕೆ. ಸಣ್ಣವನಿದ್ದಾಗ ಅಮ್ಮ ಕಿಟಕಿಯಿಂದ ತೋರಿಸ್ತಿದ್ಳು, ಅಗೋ ಅಪ್ಪ, ಅಗೋ ಅಪ್ಪ ಅಂತ. ನನ್ನ ಮಗನಿಗೂ ಹಾಗೆ ತೋರಿಸ್ಬೇಕಾ?"

ಅವನಾಗಲೇ ಮಾರ್ಸ್ಟಾಲ್ ಊರಿನ ಮೂರು ಕೂವೆಯ ಸ್ಕೂನರ್ ಎಂಬ ಹಾಯಿಹಡಗೊಂದಕ್ಕೆ ಸಹಿ ಹಾಕಿ ಬಂದಿದ್ದ. ಮೆಟ್ಟೆ ಸೋಫಿ ಎಂದು ಅದರ ಹೆಸರು. ಅದನ್ನು ಕೇಳಿ ಸೆವರಿನ್ನನ ಮುಖ ಕೆಂಪಾಯಿತು, ಆಮೇಲೆ ಬಿಳುಪಾಯಿತು. ನಿನ್ನ ದೊಡ್ಡಪ್ಪಂದಿರ ಹಾಗೆ ನೀನೂ ಸಾಯಬೇಡ, ನನಗೆ ಹೆದರಿಕೆಯಾಗುತ್ತದೆ ಎಂದು ಹೇಳಿದ್ದರೆ ಸಾಕಿತ್ತು. ಆಗಲೂ ಹುಡುಗ ಹೋಗುತ್ತಿದ್ದ, ಆದರೆ ಅಪ್ಪನ ಕೈ ಹಿಡಿದು, ಹೇಳಿ ಹೋಗುತ್ತಿದ್ದ. ನಮ್ಮ ಕಡೆಯ ಗಂಡಸರ ಬಾಯಿಯಿಂದ ಅಂಥ ಮಾತು ಹೊರಡಬೇಕಲ್ಲ!

"ಹೋಗು" ಎಂದ. "ಆದ್ರೆ ಸ್ಟೇನ್‌ಗ್ರುಂಡ್ ದಾಟುವಾಗ ನನಗೆ ಬಾವುಟ ಇಳಿಸ್ಬೇಡ. ನಾನು ಉತ್ತರ ಕೊಡುದಿಲ್ಲ."

"ಬಾಯಿಗೆ ಬಂದದ್ದು ಮಾತಾಡ್ಬೇಡಿ" ಎಂದಳು ಅಬೆಲೋನ. ಮೀನು ತಣ್ಣಗಾಯಿತು. ನಾನು ಮಾತ್ರ ತಿಂದೆ, ನನಗೆ ನಾಚಿಕೆ ಕಡಿಮೆ.

ಜೂನ್ ತಿಂಗಳಲ್ಲಿ ಮೆಟ್ಟೆ ಸೋಫಿ ನಮ್ಮ ಪಕ್ಕ ಹಾದುಹೋಯಿತು. ಬಿಸಿಲು ಚೆನ್ನಾಗಿತ್ತು, ನೀರು ಹೊಳೆಯುತ್ತಿತ್ತು. ಹಿಂಭಾಗದಲ್ಲಿ ಬಾವುಟದ ಹಗ್ಗ ಹಿಡಿದು ನಿಂತವನು ಐಲರನೇ. ನಮ್ಮ ನೇರಕ್ಕೆ ಬಂದ ಕೂಡಲೇ ಬಾವುಟ ಅರ್ಧಕ್ಕೆ ಇಳಿಸಿದ. ಊಟದ ಮೇಜಿನ ಮಾತನ್ನು ಅವನು ಮನಸ್ಸಿಗೆ ಹಾಕಿಕೊಂಡಿರಲಿಲ್ಲ. ಹಾಕಿಕೊಂಡವನು ಅಪ್ಪ. ಸೆವರಿನ್ ಹಗ್ಗ ಹಿಡಿದು ಕಲ್ಲಿನ ಹಾಗೆ ನಿಂತ.

"ಸೆವರಿನಣ್ಣ, ಹುಡುಗ ಕಾಯ್ತಾ ಇದ್ದಾನೆ" ಎಂದೆ.

"ಕಾಯ್ಲಿ."

ಕ್ಯಾಪ್ಟನ್ ಟೋರ್ಪ್ ಕೆಳಗಿದ್ದರು, ಇಲ್ಲದಿದ್ದರೆ ಗದರಿಸಿ ಮಾಡಿಸುತ್ತಿದ್ದರು. ಸ್ಕೂನರ್ ನಮ್ಮನ್ನು ದಾಟಿತು. ಬಾವುಟ ಇನ್ನೂ ಅರ್ಧದಲ್ಲೇ ಇತ್ತು. ನಮ್ಮ ಒಬ್ಬ ದೀಪದವನು ಹಗ್ಗ ಕಿತ್ತುಕೊಳ್ಳಲು ಹೋದಾಗ ಸೆವರಿನ್ ಮೊಣಕೈಯಿಂದ ತಳ್ಳಿದ. ಕಡೆಗೆ ಅಷ್ಟು ದೂರದಲ್ಲಿ ಐಲರ್ ತಾನೇ ಬಾವುಟ ಏರಿಸಿಕೊಂಡ. ಏರಿಸಿದ್ದು ನಿಧಾನವಾಗಿ.

ಆ ಸಂಜೆಯೇ ಸೆವರಿನ್ನನ ಸಿಟ್ಟು ಇಳಿದಿತ್ತು. ಇಳಿದು ಏನು ಪ್ರಯೋಜನ? ಮಗನ ಹಿಂದೆ ಓಡಲು ನಮ್ಮ ಹಡಗಿಗೆ ಕಾಲಿರಲಿಲ್ಲ. ಆಮೇಲೆ ಯುದ್ಧ ಬಂತು. ನಾವು ಯಾರ ಕಡೆಯೂ ಅಲ್ಲ ಎಂದು ನಮ್ಮ ದೇಶ ಹೇಳಿಕೊಂಡಿತು. ಸುತ್ತ ಮಾತ್ರ ನೀರಿನ ತುಂಬ, ಹಡಗು ತಾಗಿದರೆ ಸಿಡಿಯುವ ಸಿಡಿಗುಂಡುಗಳನ್ನು ಸರಪಳಿ ಕಟ್ಟಿ ಬಿಟ್ಟರು. ಹಡಗುಗಳು ನಮ್ಮನ್ನು ನೋಡಿಯೇ ಆ ಗುಂಡುಗಳ ನಡುವೆ ದಾರಿ ಹಿಡಿಯಬೇಕಾದ್ದರಿಂದ ನಾವು ಒಂದು ಮಾರು ಕದಲುವಂತಿರಲಿಲ್ಲ. ಸರಪಳಿ ಕಿತ್ತು ಗುಂಡೊಂದು ತೇಲಿಬಂದರೆ ಉದ್ದ ಗಳುವಿಗೆ ಹಾಸಿಗೆ ಸುತ್ತಿಕೊಂಡು, ಕೂಸನ್ನು ಸರಿಸುವಂತೆ ಅದನ್ನು ಮೆಲ್ಲಗೆ ಆಚೆ ಸರಿಸುತ್ತಿದ್ದೆವು. ಓಡಿಹೋಗಲು ಜಾಗವಿಲ್ಲದವರಿಗೆ ಆ ಕೆಲಸವೂ ಅಭ್ಯಾಸವಾಗುತ್ತದೆ.

ಮೆಟ್ಟೆ ಸೋಫಿ ಎರಡು ವರ್ಷದಲ್ಲಿ ಐದು ಸಲ ನಮ್ಮ ಪಕ್ಕ ಹೋಯಿತು. ಐದು ಸಲವೂ ಐಲರ್ ಹಿಂಭಾಗದಲ್ಲಿ ಇದ್ದ, ಐದು ಸಲವೂ ಅವನ ಬಾವುಟ ತುದಿಯಲ್ಲೇ ಇತ್ತು. ಅವರ ಹಡಗಿನ ಯಜಮಾನನಿಗೂ ಕಥೆ ಗೊತ್ತಾಗಿರಬೇಕು, ಸುಮ್ಮನಿದ್ದ. ಸೆವರಿನ್ ಪ್ರತಿ ಸಲವೂ ಹಗ್ಗ ಬಿಚ್ಚಿಟ್ಟುಕೊಂಡು, ಟೋಪಿ ಸರಿಮಾಡಿಕೊಂಡು, ಉತ್ತರ ಕೊಡಲು ತಯಾರಾಗಿ ನಿಲ್ಲುತ್ತಿದ್ದ. ಕೊಡಬೇಕಾದ ಉತ್ತರವಿತ್ತು, ಆ ಕಡೆಯಿಂದ ಪ್ರಶ್ನೆ ಇರಲಿಲ್ಲ. ಪತ್ರ ಬರೆದ. ಉತ್ತರ ಬರಲಿಲ್ಲ. ಇವನ ರಜೆಯಲ್ಲಿ ಅವನು ಸ್ಪೇನಿನಲ್ಲಿ, ಅವನು ಊರಿಗೆ ಬಂದಾಗ ಇವನು ಸರಪಳಿಯ ತುದಿಯಲ್ಲಿ. ತಂದೆ ಮಗ ಮುಖ ನೋಡುವ ಜಾಗವೆಂದರೆ ನಮ್ಮ ಹಡಗಿನ ಪಕ್ಕದ ಆ ಒಂದಿಷ್ಟು ನೀರು ಮಾತ್ರ.

"ನೀನೇ ಮೊದಲು ಇಳಿಸಿಬಿಡು ಮಾರಾಯ, ಆಕಾಶ ಬೀಳ್ತದಾ?" ಎಂದು ಒಮ್ಮೆ ತಮಾಷೆಗೆ ಹೇಳಿದೆ.

"ಅದು ನನ್ನದಾ ಕ್ರೆಸ್ಟೆನ್? ನನ್ನ ಅಂಗಿ ಆಗಿದ್ರೆ ಹರಿದು ಕೊಡ್ತಿದ್ದೆ. ಅರಸನ ಬಾವುಟ" ಎಂದು ಮುಖ ತಿರುಗಿಸಿದ.

ಹದಿನಾರನೇ ಇಸವಿಯ ಅಕ್ಟೋಬರಿನಲ್ಲಿ ಅಬೆಲೋನಳ ಕಾಗದ ಬಂತು. ಮೆಟ್ಟೆ ಸೋಫಿ ಮರ ತುಂಬಿಕೊಂಡು ಇಂಗ್ಲೆಂಡಿಗೆ ಹೊರಟಿದೆ, ಇಡೀ ಚಳಿಗಾಲ ಆ ದಾರಿಯಲ್ಲೇ ಓಡಾಟ, ತಾನು ಬೇಡವೆಂದರೂ ಐಲರ್ ಕೇಳಲಿಲ್ಲ ಎಂದು ಬರೆದಿದ್ದಳು. ಇಂಗ್ಲೆಂಡಿನ ದಾರಿ ಎಂದರೆ ನೀರಿನೊಳಗೆ ಮುಳುಗುಹಡಗಿನಲ್ಲಿ ಜರ್ಮನರು ಕಾಯುತ್ತಿದ್ದ ದಾರಿ. ಆ ಶರತ್ಕಾಲದಲ್ಲಿ ಹೋದ ಹಡಗುಗಳಲ್ಲಿ ಎಷ್ಟು ಮರಳಿದವು ಎಂಬುದು ನಮಗೆ ತಿಳಿದೇ ಇತ್ತು. ಸೆವರಿನ್ ಕಾಗದವನ್ನು ನನಗೆ ಓದಲು ಕೊಟ್ಟು ಮೇಲೆ ಹೋದ. ಆಮೇಲೆ ಮೂರು ದಿನ ಅವನು ಸ್ಕೂನರ್ ಬರಬೇಕಾದ ದಕ್ಷಿಣದ ಕಡೆಯೇ ನೋಡುತ್ತಿದ್ದ. ಊಟಕ್ಕೆ ಕರೆದರೂ ತಟ್ಟೆ ಹಿಡಿದು ಮೇಲೆಯೇ ನಿಂತು ಉಣ್ಣುತ್ತಿದ್ದ.

ನಾಲ್ಕನೆಯ ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ಸ್ಕೂನರ್ ಕಂಡಿತು. ಯುದ್ಧವೆಂದು ಅದರ ಪಕ್ಕೆಗೂ ನಮ್ಮ ದೇಶದ ಹೆಸರನ್ನು ಆಳುದ್ದದ ಅಕ್ಷರದಲ್ಲಿ ಬರೆದು, ಎರಡೂ ತುದಿಗೆ ಬಾವುಟದ ಚಿತ್ರ ಬಿಡಿಸಿದ್ದರು. ಗಾಳಿ ಹದವಾಗಿತ್ತು, ಬೇಗನೇ ಹತ್ತಿರ ಬಂತು. ಹಿಂಭಾಗದಲ್ಲಿ ಐಲರ್ ಇದ್ದ. ನಮ್ಮ ಕಡೆ ನೋಡಲಿಲ್ಲ. ಬಾವುಟ ತುದಿಯಲ್ಲಿ ಪಟಪಟ ಹೊಡೆದುಕೊಳ್ಳುತ್ತಿತ್ತು.

ಆಗ ನಮ್ಮ ಬಾವುಟ ಕೆಳಗೆ ಬಂತು.

ಕ್ಯಾಪ್ಟನ್ ಟೋರ್ಪ್ ಕೈಯಲ್ಲಿ ಕಾಫಿ ಲೋಟ ಹಿಡಿದು ಮೇಲೆಯೇ ಇದ್ದರು. "ಸೆವರಿನ್! ಎಂತ ಮಾಡ್ತಾ ಇದ್ದಿ? ಅವರು ಇಳಿಸ್ಲಿಲ್ಲ!"

"ಹೌದು, ಅವರು ಇಳಿಸ್ಲಿಲ್ಲ. ನಾನು ಇಳಿಸಿದೆ."

"ಮರ ಹೊರುವ ಹಡಗಿಗೆ ಅರಸನ ಬಾವುಟ ಬಾಗಿಸ್ತೀಯಾ? ಏರಿಸು!"

"ಅವನು ಉತ್ತರ ಕೊಡ್ಲಿ, ಏರಿಸ್ತೇನೆ. ಕೊಡುವ ತನಕ ಕಾಯಬೇಕು ಅಂತ ನಿಯಮ ಉಂಟಲ್ಲ ಕ್ಯಾಪ್ಟನ್ರೇ."

ಇಪ್ಪತ್ತೆರಡು ವರ್ಷದಲ್ಲಿ ಅವನು ಹಿರಿಯರಿಗೆ ಎದುರಾಡಿದ್ದು ಅದೊಂದೇ ಸಲ. ಹಗ್ಗವನ್ನು ಮುಷ್ಟಿಗೆ ಎರಡು ಸುತ್ತು ಸುತ್ತಿಕೊಂಡಿದ್ದ. ಕ್ಯಾಪ್ಟನ್ ಕೆಟ್ಟ ಮನುಷ್ಯರಲ್ಲ, ಅವರಿಗೂ ಮಕ್ಕಳಿದ್ದರು. ಆದರೂ ಕಾಫಿಯನ್ನು ಸಮುದ್ರಕ್ಕೆ ಚೆಲ್ಲಿ, ಬಾಯಿಗೆ ಬಂದಂತೆ ಬೈದರು. ಸ್ಕೂನರ್ ಹಾದುಹೋಯಿತು. ಹಾದುಹೋಗುವಾಗ ಐಲರ್ ತಿರುಗಿ ನೋಡಿದ್ದು ನಮಗೆಲ್ಲ ಕಂಡಿತು. ನೋಡಿ ಹಾಗೇ ನಿಂತ. ಬಾವುಟ ಇಳಿಸಲಿಲ್ಲ. ಸೆವರಿನ್ನನ ಗಂಟಲಿನಿಂದ ಒಂದು ಸದ್ದು ಬಂತು, ಅದನ್ನು ಏನೆಂದು ಹೇಳಲಿ, ನಾನು ಮತ್ತೆಂದೂ ಅಂಥದ್ದು ಕೇಳಿಲ್ಲ.

ಇನ್ನು ಮುಗಿಯಿತು ಎನ್ನುವಷ್ಟರಲ್ಲಿ ಸ್ಕೂನರಿನ ಮೂತಿ ಗಾಳಿಯ ಕಡೆಗೆ ತಿರುಗಿತು. ಹಾಯಿಗಳೆಲ್ಲ ಬಡಬಡ ಬಡಿದುಕೊಂಡವು. ಅವರು ಹಡಗು ನಿಲ್ಲಿಸಿ ದೋಣಿ ಇಳಿಸುತ್ತಿದ್ದರು.

"ಅವರಿಗೆ ಎಂತ ಆಯ್ತು?" ಎಂದೆ. ಸಿಡಿಗುಂಡಿನ ನಡುವೆ ಯಾರೂ ಸುಮ್ಮನೆ ನಿಲ್ಲುವುದಿಲ್ಲ.

ಕ್ಯಾಪ್ಟನ್ ಒಮ್ಮೆ ಅವರ ಕಡೆ, ಒಮ್ಮೆ ಮೇಲೆ ನಮ್ಮ ಬಾವುಟದ ಕಡೆ ನೋಡಿದರು. ಅವರ ಸಿಟ್ಟೆಲ್ಲ ಇಳಿದುಹೋಯಿತು. "ಅಯ್ಯೋ ದೇವರೇ, ಅದು ಅರ್ಧದಲ್ಲಿ ನಿಂತಿದೆ. ನಮ್ಮಲ್ಲಿ ಯಾರೋ ಸತ್ತಿದ್ದಾರೆ ಅಂದ್ಕೊಂಡ್ರು."

ಮಿಕ್ಕವರ ಮಾತು ಬಿಡಿ, ಸೆವರಿನ್ನನಿಗೂ ಅದು ಹೊಳೆದಿರಲಿಲ್ಲ. ಸರಕಾರಿ ಹಡಗು ಮೊದಲು ನಮಸ್ಕಾರ ಮಾಡೀತು ಎಂಬುದನ್ನು ನಮ್ಮ ಸಮುದ್ರದಲ್ಲಿ ಯಾರೂ ಕನಸಿನಲ್ಲೂ ಎಣಿಸುವವರಲ್ಲ. ಅರ್ಧಕ್ಕಿಳಿದು ನಿಂತ ಬಾವುಟ ಕಂಡರೆ ಎಲ್ಲರಿಗೂ ತೋರುವುದು ಒಂದೇ, ಸಾವು. ಕೂವೆಮರದ ಮರೆಯಲ್ಲಿದ್ದ ಸೆವರಿನ್ ಆ ಕಡೆಯವರಿಗೆ ಕಂಡಿರಲೂ ಇಲ್ಲ. ದೂರದ ಲೇಸೊ ಮರಳಿನ ಮೇಲೂ ಆ ಹೊತ್ತಿಗೆ ನಮ್ಮ ಹೆಂಡಂದಿರು ಗುಂಪು ಕೂಡಿ, ಒಂಬತ್ತು ಜನರಲ್ಲಿ ಯಾರು ಎಂದು ಎದೆ ಬಡಿದುಕೊಳ್ಳುತ್ತಿದ್ದರಂತೆ. ಮರುದಿನ ಸುದ್ದಿ ಮುಟ್ಟಿದ ಮೇಲೆ ನನ್ನವಳು, ನಾನು ಬದುಕಿದ್ದೇನೆಂಬ ಸಂತೋಷಕ್ಕೆ ಮೊದಲು, ಹೆದರಿಸಿದ್ದಕ್ಕೆ ಶಾಪ ಹಾಕಿದಳು.

ದೋಣಿ ನಮ್ಮ ಪಕ್ಕೆಗೆ ತಾಗಿತು. ಐಲರ್ ಹಗ್ಗದ ಏಣಿ ಹತ್ತಿ ಬಂದ. ಟೋಪಿ ಆಗಲೇ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡಿದ್ದ. ಮೊದಲು ಕಂಡದ್ದು ನನ್ನ ಮುಖ.

"ಕ್ರೆಸ್ಟೆನ್ ಮಾಮ, ಅಪ್ಪನಾ?" ಎಂದ.

ನಾನು ಪಕ್ಕಕ್ಕೆ ಸರಿದೆ. ಹಗ್ಗ ಹಿಡಿದು ನಿಂತ ಸೆವರಿನ್ ಕಂಡ.

"ನಾನೇ ಇಳಿಸಿದ್ದು" ಎಂದ ಸೆವರಿನ್. "ನಿನಗೆ. ಅವತ್ತಿನದ್ದಕ್ಕೆ."

ಐಲರ್ ಟೋಪಿಯನ್ನು ಹಲಗೆಗೆ ಎಸೆದ. "ನಿನಗೆ ತಲೆ ಸರಿ ಉಂಟಾ? ನೀನು ಸತ್ತಿ ಅಂತ ಬಂದೆ ನಾನು! ಅಷ್ಟು ದೂರ ಹುಟ್ಟು ಹಾಕ್ತಾ, ಹೆಣ ನೋಡ್ಲಿಕ್ಕೆ ಬಂದೆ!" ಅಷ್ಟು ಹೇಳಿ ಅಳತೊಡಗಿದ. ದೊಡ್ಡ ಆಳು, ಮೂಗು ಸುರಿಸಿಕೊಂಡು ಅತ್ತ. ನಾವೆಲ್ಲ ಸಮುದ್ರ ನೋಡಿದೆವು. ತೋಳಿನಿಂದ ಮೂಗು ಒರೆಸಿ ಅವನೇ ಮತ್ತೆ ಹೇಳಿದ, ಈ ಸಲ ಮೆಲ್ಲಗೆ.

"ಬಾವುಟ ನೋಡಿದಾಗ ಮೊದಲು ಎಂತ ಅನ್ನಿಸಿತು ಗೊತ್ತುಂಟಾ ಅಪ್ಪಾ? ಅಂತೂ ಅಪ್ಪ ಆ ಹಡಗಿಂದ ಇಳಿದ ಅನ್ನಿಸಿತು. ಆಮೇಲೆ ಅಳು ಬಂತು."

ಸೆವರಿನ್ ತಲೆಯಾಡಿಸಿದ. ಅದು ಅವನಿಗೆ ಹೊಸ ವಿಷಯವೇನೂ ಅಲ್ಲ ಎನ್ನುವಂತೆ ಆಡಿಸಿದ. ಹಗ್ಗ ಸುತ್ತಿದ ಕೈ ಬಿಡುವಂತಿರಲಿಲ್ಲ, ಇನ್ನೊಂದು ಕೈಯಿಂದ ಮಗನ ಕುತ್ತಿಗೆಯನ್ನು ಎಳೆದು ತನ್ನ ಹೆಗಲಿಗೆ ಒತ್ತಿಕೊಂಡ. ಸ್ಕೂನರಿನವರು ಕೂಗಿ ಕರೆಯುವ ತನಕ ಹಾಗೇ ನಿಂತಿದ್ದರು, ಐದು ನಿಮಿಷ ಇರಬಹುದು. ಇಂಗ್ಲೆಂಡಿಗೆ ಹೋಗಬೇಡ ಎಂದು ಸೆವರಿನ್ ಹೇಳಲಿಲ್ಲ. ಹೆದರಿಕೆಯಾಗುತ್ತದೆ ಎಂದು ಮಾತ್ರ ಹೇಳಿದ, ನನ್ನ ಕಿವಿಯಾರೆ ಕೇಳಿದೆ.

"ನನಗೂ ಆಗ್ತದೆ" ಎಂದ ಐಲರ್. "ಫೆಬ್ರವರಿಯಲ್ಲಿ ನಿನ್ನ ರಜೆ ಅಲ್ವಾ? ಊರಿಗೆ ಬರ್ತೇನೆ. ಅಮ್ಮನಿಗೆ ಮೀನು ಹುರೀಲಿಕ್ಕೆ ಹೇಳು. ಈ ಸಲ ತಟ್ಟೆ ದೂಡುದಿಲ್ಲ."

ದೋಣಿ ಹೋಯಿತು, ಸ್ಕೂನರಿನ ಹಾಯಿ ಗಾಳಿ ತುಂಬಿಕೊಂಡಿತು. ಸ್ವಲ್ಪ ಮುಂದೆ ಹೋಗಿ ಅದರ ಬಾವುಟ ಅರ್ಧಕ್ಕೆ ಇಳಿದು ಮತ್ತೆ ಏರಿತು. ಆಗ ಸೆವರಿನ್ ನಮ್ಮದನ್ನು ಏರಿಸಿದ. ಅವನು ಅತ್ತದ್ದು ಆಮೇಲೆ, ನನ್ನ ಅಡಿಗೆಮನೆಯಲ್ಲಿ, ಈರುಳ್ಳಿ ಹೆಚ್ಚುವ ನೆಪದಲ್ಲಿ.

ಲೇಸೊದಿಂದ ಮೇಲಿನವರಿಗೆ ದೂರು ಹೋಗಿತ್ತು. ಹೆಂಗಸರನ್ನು ಸುಮ್ಮನೆ ಹೆದರಿಸಿದ್ದಕ್ಕೆ, ಅರಸನ ಬಾವುಟವನ್ನು ಮನೆಯ ಜಗಳಕ್ಕೆ ಬಳಸಿದ್ದಕ್ಕೆ ಸೆವರಿನ್ನನ ಆ ಚಳಿಗಾಲದ ರಜೆಗಳೆಲ್ಲ ರದ್ದಾದವು. ಕೆಲಸದಿಂದ ತೆಗೆದಿದ್ದರೆ ಅವನು ಮನೆಗೆ ಹೋಗುತ್ತಿದ್ದ. ತೆಗೆಯಲಿಲ್ಲ, ಅಲ್ಲೇ ಬಿಗಿಯಾಗಿ ಕಟ್ಟಿದರು. ಫೆಬ್ರವರಿಯಲ್ಲಿ ಅವನು ಸ್ಟೇನ್‌ಗ್ರುಂಡಿನಲ್ಲೇ ಇದ್ದ, ನಾನೂ ಇದ್ದೆ, ಸುತ್ತ ಮಂಜುಗಡ್ಡೆ ಹಲಗೆಗೆ ಗೀರುತ್ತಿತ್ತು. ಐಲರನೂ ಊರಿಗೆ ಬರಲಿಲ್ಲ. ಮೆಟ್ಟೆ ಸೋಫಿ ಜನವರಿಯಲ್ಲಿ ಇಂಗ್ಲೆಂಡಿನ ಬಂದರು ಬಿಟ್ಟು ಹೊರಟದ್ದಷ್ಟೇ ಗೊತ್ತು. ಒಂದು ಹಲಗೆ ಚೂರೂ ಸಿಗಲಿಲ್ಲ.

ಏಪ್ರಿಲಿನಲ್ಲಿ ಇನ್ನು ಆಸೆಯಿಲ್ಲ ಎಂದು ಹಡಗಿನ ಮಾಲಕರಿಂದ ಅಬೆಲೋನಳಿಗೆ ಕಾಗದ ಬಂತು, ಅವಳು ಅದನ್ನು ಬದಲಿ ದೋಣಿಯಲ್ಲಿ ನಮ್ಮಲ್ಲಿಗೆ ಕಳುಹಿಸಿದಳು. ನಮ್ಮ ಹಡಗಿನವನು ಸತ್ತರೆ ಮಾತ್ರ ನಮ್ಮ ಬಾವುಟ ಅರ್ಧಕ್ಕೆ ಇಳಿಯಬೇಕು, ಮಕ್ಕಳಿಗೆ ಇಲ್ಲ. ಕ್ಯಾಪ್ಟನ್ ಟೋರ್ಪ್ ಕಾಗದ ಓದಿ ತಾವೇ ಸೆವರಿನ್ನನ ಹತ್ತಿರ ಹೋದರು.

"ಇಳಿಸು ಸೆವರಿನ್. ಯಾರು ಬೇಕಾದ್ರೂ ಕೇಳ್ಲಿ, ನಾನು ಹೇಳಿದ್ದು ಅಂತ ಹೇಳ್ತೇನೆ. ಸಂಜೆ ತನಕ ಇರ್ಲಿ."

ಸೆವರಿನ್ ಹಗ್ಗ ಕಟ್ಟಿದ ಗೂಟದ ಹತ್ತಿರ ಹೋದ. ಗಂಟು ಬಿಚ್ಚಿದ. ಬಹಳ ಹೊತ್ತು ಮೇಲೆ ನೋಡಿದ, ಆಮೇಲೆ ಅದೇ ಗಂಟನ್ನು ಮತ್ತೆ ಹಾಕಿ ಎರಡು ಸಲ ಎಳೆದು ಭದ್ರ ಮಾಡಿದ.

"ಬೇಡ ಕ್ಯಾಪ್ಟನ್ರೇ" ಎಂದ. "ಅವತ್ತು ಇಳಿಸಿದಾಗ ಬಂದ. ಇವತ್ತು ಇಳಿಸಿ, ಅವನು ಬರದೇ ಹೋದ್ರೆ ನಾನು ಎಂತ ಮಾಡುದು?"